ಓದುಗರ ಪ್ರಶ್ನೋತ್ತರ: ಮೂಲೆಗೆ ಬಿದ್ದ ಮಿನಿ ಕಂಪ್ಯೂಟರ್‌ಗಳನ್ನು ಮತ್ತೆ ಚಾಲೂ ಮಾಡುವ ಬಗೆ

ಹಳೆಯ ಮಿನಿ ಕಂಪ್ಯೂಟರ್ (ಕಚೇರಿ, ಕಾರ್ಖಾನೆಗಳಲ್ಲಿ ಹಲವರು ಹಂಚಿಕೊಂಡು ಬಳಸುತ್ತಿದ್ದ ದೊಡ್ಡ ಯಂತ್ರ) ಮತ್ತು ಸರ್ವರ್‌ಗಳ ದುರಸ್ತಿಯ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಕಡೆಯ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಿದ್ದೇವೆ. ಎಲ್ಲ ಉತ್ತರಗಳ ಹಿಂದೆಯೂ ಒಂದು ನಿಲುವಿದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಂಥ ಯಂತ್ರಗಳ ಕೆಪಾಸಿಟರ್, ಫ್ಯಾನ್, ಚಿಪ್‌ಗಳಿಗೆ ಹುಡುಕಿದರೆ ಬದಲಿ ಸಿಗುತ್ತದೆ. ಇಪ್ರಾಮ್ ಎಂಬ, ಕರೆಂಟು ಹೋದರೂ ಮರೆಯದ ಚಿಪ್ಪಿನಲ್ಲಿ ಕೂತಿರುವ ಪ್ರೋಗ್ರಾಮ್, ಡಿಸ್ಕ್ ಮತ್ತು ಟೇಪಿನ ಮೇಲಿನ ಮಾಹಿತಿ, ಯಂತ್ರದ ಜೊತೆ ಬಂದ ಕೈಪಿಡಿ ಹೋದರೆ ಹೋದವೇ. ಉಳಿಸಿಕೊಳ್ಳುವ ಕೆಲಸ ಮೊದಲು ಆಗಬೇಕು, ಚಾಲೂ ಮಾಡುವ ಕೆಲಸ ಆಮೇಲೆ.

ಪ್ರಶ್ನೆ: ಗೋಕುಲ ರಸ್ತೆಯ ನಮ್ಮ ಹಳೆಯ ಕಾರ್ಖಾನೆಯ ಶೆಡ್ಡಿನಲ್ಲಿ ಡಿಜಿಟಲ್ ಕಂಪನಿಯ ಮೈಕ್ರೋವ್ಯಾಕ್ಸ್-2 ಇದೆ. ತಂದೆಯವರ ಕಾಲದಲ್ಲಿ ಲೆಕ್ಕಪತ್ರ, ದಾಸ್ತಾನು ಎಲ್ಲವೂ ಅದರಲ್ಲೇ ನಡೆಯುತ್ತಿತ್ತು. ನಿಂತು ಇಪ್ಪತ್ತು ವರ್ಷಕ್ಕೂ ಹೆಚ್ಚಾಗಿದೆ. ಮಗ ಪ್ಲಗ್ ಹಾಕಿ ನೋಡೋಣ ಎನ್ನುತ್ತಾನೆ. ಹಾಕಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಹಾಕಬೇಡಿ. ತಮ್ಮ ಯಂತ್ರದ ಮಾದರಿ 1985ರಲ್ಲಿ ಮಾರುಕಟ್ಟೆಗೆ ಬಂದದ್ದು. ಅದರ ವಿದ್ಯುತ್ ಪೂರೈಕೆಯ ಪೆಟ್ಟಿಗೆಯಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಇಷ್ಟು ವರ್ಷ ವೋಲ್ಟೇಜ್ ಕಾಣದೆ ದುರ್ಬಲವಾಗಿರುತ್ತವೆ, ಮತ್ತು ಅವು ಕೈಕೊಟ್ಟರೆ 5 ವೋಲ್ಟ್ ಇರಬೇಕಾದ ಕಡೆ ಹೆಚ್ಚಿನ ವೋಲ್ಟೇಜ್ ಹರಿದು ಬೋರ್ಡಿನ ಚಿಪ್‌ಗಳೆಲ್ಲ ಒಮ್ಮೆಗೇ ಸುಟ್ಟುಹೋಗುವ ಅಪಾಯವಿದೆ.

ಮೊದಲು ಮುಚ್ಚಳ ತೆಗೆದು ಫೋಟೋ ತೆಗೆಯಿರಿ. ಯಾವ ಬೋರ್ಡ್ ಯಾವ ಸ್ಲಾಟಿನಲ್ಲಿದೆ, ಯಾವ ರಿಬ್ಬನ್ ಕೇಬಲ್ಲಿನ ಕೆಂಪು ಅಂಚು ಯಾವ ಕಡೆಗಿದೆ ಎಂಬುದೆಲ್ಲ ಸ್ಪಷ್ಟವಾಗಿ ಕಾಣಬೇಕು. ಇದು ಬರೀ ಶಿಸ್ತಿನ ಮಾತಲ್ಲ. ಈ ಯಂತ್ರದ ಬೋರ್ಡ್‌ಗಳನ್ನು ಬೆಸೆಯುವ ಕ್ಯೂ-ಬಸ್ ಎಂಬ ಸಾಲಿನಲ್ಲಿ ಇಂಟರಪ್ಟ್‌ಗೆ, ಅಂದರೆ ಪ್ರೊಸೆಸರ್‌ನ ಗಮನ ಸೆಳೆಯುವ ಕೋರಿಕೆಗೆ, ಸಿಗುವ ಅನುಮತಿಯ ಸಂಕೇತ ಒಂದು ಬೋರ್ಡಿನಿಂದ ಇನ್ನೊಂದಕ್ಕೆ ಸರಪಳಿಯಂತೆ ದಾಟಿಹೋಗುತ್ತದೆ. ನಡುವೆ ಒಂದು ಸ್ಲಾಟ್ ಖಾಲಿ ಬಿಟ್ಟರೆ ಅದರ ಮುಂದಿನ ಬೋರ್ಡ್‌ಗಳಿಗೆ ಅನುಮತಿ ತಲುಪುವುದೇ ಇಲ್ಲ. ಎಲ್ಲ ಬೋರ್ಡ್ ಚೆನ್ನಾಗಿದ್ದೂ ಯಂತ್ರ ಏಳದಿರುವುದಕ್ಕೆ ತಪ್ಪು ಜೋಡಣೆ ದೊಡ್ಡ ಕಾರಣ.

ಆಮೇಲೆ ಬ್ಯಾಟರಿ. ಹಿಂಬದಿಯಲ್ಲಿ ಕನ್ಸೋಲ್ (ಯಂತ್ರಕ್ಕೆ ಆದೇಶ ಕೊಡುವ ಟರ್ಮಿನಲ್) ಕೇಬಲ್ ಸಿಕ್ಕಿಸುವ ಫಲಕದ ಒಳಮಗ್ಗುಲಲ್ಲಿ ಗಡಿಯಾರಕ್ಕಾಗಿ ಇಟ್ಟ ಪುಟ್ಟ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಅದು ಸೋರಿದ್ದರೆ ಸುತ್ತಲಿನ ತಾಮ್ರದ ಗೆರೆಗಳ ಮೇಲೆ ಹಸಿರು-ನೀಲಿ ಪುಡಿ ಕಾಣಿಸುತ್ತದೆ, ಬೆಸುಗೆ ಹೊಳಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ. ಸೋರಿದ ದ್ರವ ಕ್ಷಾರವಾದ್ದರಿಂದ ಹತ್ತಿಯ ತುದಿಗೆ ವಿನೆಗರ್ ಅಥವಾ ನಿಂಬೆರಸ ಅದ್ದಿ ಒರೆಸಿದರೆ ಕ್ಷಾರ ಸತ್ತುಹೋಗುತ್ತದೆ. ಕೂಡಲೇ ಶುದ್ಧೀಕರಿಸಿದ ನೀರಿನಿಂದ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸಬೇಕು. ಹುಳಿಯನ್ನು ಹಾಗೇ ಬಿಟ್ಟರೆ ಅದೇ ತಾಮ್ರವನ್ನು ತಿನ್ನತೊಡಗುತ್ತದೆ. ಹಸಿರು ಬಣ್ಣದ ರಕ್ಷಾಲೇಪದ ಅಡಿಯಲ್ಲೂ ಕೊಳೆತ ಹರಡಿರಬಹುದಾದ್ದರಿಂದ ಭೂತಗನ್ನಡಿ ಹಿಡಿದು ಒಂದೊಂದೇ ಗೆರೆಯನ್ನು ಮಲ್ಟಿಮೀಟರ್‌ನಿಂದ ಪರೀಕ್ಷಿಸಿ.

ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು ಯಂತ್ರದಿಂದ ಹೊರತೆಗೆದೇ ಪರೀಕ್ಷಿಸಬೇಕು. ಮುಖ್ಯ ವಿದ್ಯುತ್ತಿನ ಬಾಯಲ್ಲಿ ಹಳದಿ ಬಣ್ಣದ, ಪಾರದರ್ಶಕ ಹೊದಿಕೆಯ ರಿಫಾ ಕೆಪಾಸಿಟರ್ ಇದ್ದರೆ, ಬಿರುಕು ಕಾಣಲಿ ಬಿಡಲಿ, ತೆಗೆದುಹಾಕಿ. ಅದರೊಳಗಿನ ಕಾಗದ ತೇವ ಹೀರಿಕೊಂಡಿರುತ್ತದೆ. ಕರೆಂಟು ಕೊಟ್ಟ ಸ್ವಲ್ಪ ಹೊತ್ತಿಗೇ ಸಿಡಿದು ಮನೆಯ ತುಂಬ ಹೊಗೆ ತುಂಬುತ್ತದೆ. ಅದರ ಜಾಗಕ್ಕೆ ಅದೇ ಮೌಲ್ಯದ, ಮುಖ್ಯ ವಿದ್ಯುತ್ತಿಗೆಂದೇ ಇರುವ ಎಕ್ಸ್2 ದರ್ಜೆಯ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಬೇಕು. ನೆನಪಿರಲಿ, 230 ವೋಲ್ಟ್ ಎಸಿ ನೇರವಾಗಿ ಡಿಸಿಯಾದಾಗ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಕೂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಕಾಲ ಅಲ್ಲಿಯೇ ಇರುತ್ತದೆ. ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಮೀಟರ್ ಹಚ್ಚಿ ಖಚಿತಪಡಿಸಿಕೊಂಡ ನಂತರವೇ ಕೈ ಹಾಕಬೇಕು. ಈ ಕೆಲಸದ ರೂಢಿ ಇಲ್ಲದಿದ್ದರೆ ಯುಪಿಎಸ್ ರಿಪೇರಿ ಮಾಡುವವರನ್ನು ಕರೆಯಿರಿ. ಅವರಿಗೆ ಇದು ದಿನನಿತ್ಯದ ಕೆಲಸ.

ವೇರಿಯಾಕ್ ಹಚ್ಚಿ ನಿಧಾನವಾಗಿ ವೋಲ್ಟೇಜ್ ಏರಿಸಿ ಎಂದು ಹಲವರು ಸಲಹೆ ಕೊಡುತ್ತಾರೆ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಲೀನಿಯರ್ ಪೂರೈಕೆಗೆ ಅದು ಸರಿ, ಆದರೆ ತಮ್ಮದು ಸ್ವಿಚಿಂಗ್ ಮಾದರಿ. ಕಡಿಮೆ ವೋಲ್ಟೇಜಿನಲ್ಲಿ ಅದು ಹೆಚ್ಚು ಕರೆಂಟು ಎಳೆಯುತ್ತದೆ ಇಲ್ಲವೇ ಏಳುವುದೇ ಇಲ್ಲ. ಅದರ ಬದಲು ಸರಣಿಯಲ್ಲಿ 100 ವ್ಯಾಟಿನ ತಂತಿಯ ಬಲ್ಬ್ ಹಾಕಿ. ಎಲ್‌ಇಡಿ ಬಲ್ಬ್ ಇಲ್ಲಿ ಪ್ರಯೋಜನಕ್ಕೆ ಬಾರದು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ಣ ಉರಿದು ತಿಳಿಸುತ್ತದೆ. ಒಮ್ಮೆ ಬೆಳಗಿ ಮಂದವಾದರೆ ಒಳ್ಳೆಯ ಲಕ್ಷಣ. ಹೊರೆ ಇಲ್ಲದಿದ್ದರೆ ಇಂಥ ಪೂರೈಕೆಗಳು ಕೆಲಸ ಮಾಡುವುದಿಲ್ಲವಾದ್ದರಿಂದ 5 ವೋಲ್ಟಿನ ಸಾಲಿಗೆ ಕಾರಿನ 12 ವೋಲ್ಟ್, 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಜೋಡಿಸಿ. ಅದು ಸುಮಾರು 3 ಆಂಪಿಯರ್ ಎಳೆಯುತ್ತದೆ. ಸರಣಿಯ ಬಲ್ಬ್ ತೆಗೆದು ನೇರವಾಗಿ ಕೊಟ್ಟ ಮೇಲೂ ವೋಲ್ಟೇಜ್ 4.75ರಿಂದ 5.25ರ ನಡುವೆ ಅಲುಗದೆ ನಿಂತರೆ ಮಾತ್ರ ಬೋರ್ಡ್‌ಗಳಿಗೆ ಸಂಪರ್ಕ ಕೊಡಬಹುದು.

ಬೋರ್ಡಿನ ಅಂಚಿನ ಚಿನ್ನಲೇಪಿತ ಪಟ್ಟಿಗಳನ್ನು ಆಲ್ಕೊಹಾಲ್‌ನಿಂದಷ್ಟೇ ಒರೆಸಿ. ಪೆನ್ಸಿಲ್ ರಬ್ಬರ್ ಉಜ್ಜಿದರೆ ಚಿನ್ನವೇ ಕಿತ್ತುಬರುತ್ತದೆ. ಕನ್ಸೋಲ್ ಫಲಕಕ್ಕೆ ಸೀರಿಯಲ್ ಕೇಬಲ್ ಹಾಕಿ, ಲ್ಯಾಪ್‌ಟಾಪಿನ ಟರ್ಮಿನಲ್ ತಂತ್ರಾಂಶವನ್ನು 9600 ವೇಗಕ್ಕಿಟ್ಟು, ಫಲಕದ ವೇಗದ ಗುಂಡಿಯನ್ನೂ ಅದಕ್ಕೇ ಹೊಂದಿಸಿ. ಪ್ರೊಸೆಸರ್ ಬೋರ್ಡ್ ಚೆನ್ನಾಗಿದ್ದರೆ ಪರೀಕ್ಷೆಯ ಅಂಕಿಗಳು 7ರಿಂದ 3ರವರೆಗೆ ಇಳಿಯುತ್ತ ಬಂದು ಮೂರು ಬಾಣದ ಗುರುತು ಮೂಡುತ್ತದೆ. ಡಿಸ್ಕ್ ಇಲ್ಲದೆಯೂ ಇಲ್ಲಿಯವರೆಗೆ ಬರಬಹುದು, ಮತ್ತು ಇಲ್ಲಿಯವರೆಗೆ ಬರುವಾಗ ಡಿಸ್ಕಿಗೆ ಕರೆಂಟು ಕೊಡದಿರುವುದೇ ಜಾಣತನ.

ಡಿಸ್ಕಿನ ಕಥೆ ಬೇರೆ. ಅದು ಆರ್‌ಡಿ53 ಆಗಿದ್ದರೆ, ಅಂದರೆ ಮೈಕ್ರೊಪೊಲಿಸ್ ಕಂಪನಿಯ 71 ಎಂಬಿ ಡಿಸ್ಕ್ ಆಗಿದ್ದರೆ, ಅದರ ಕಾಯಿಲೆ ಎಲ್ಲರಿಗೂ ಗೊತ್ತಿರುವಂಥದ್ದು. ಓದುವ ತಲೆಗಳು ವಿಶ್ರಾಂತಿಗೆ ಬಂದು ಒರಗುವ ಸಣ್ಣ ರಬ್ಬರ್ ತಡೆ ವರ್ಷಗಳು ಕಳೆದಂತೆ ಕರಗಿ ಅಂಟಾಗುತ್ತದೆ. ಡಿಸ್ಕ್ ತಿರುಗುತ್ತದೆ, ತಲೆಯನ್ನು ಹೊತ್ತ ತೋಳು ಮಾತ್ರ ಅಂಟಿಕೊಂಡು ಕದಲುವುದಿಲ್ಲ. ಮೇಲಿನ ಮುಚ್ಚಳ ತೆಗೆದು, ತೋಳನ್ನು ಮೆಲ್ಲಗೆ ಬಿಡಿಸಿ, ಆ ರಬ್ಬರಿನ ಮೇಲೆ ತೆಳುವಾದ ಹೊದಿಕೆ ಸುತ್ತಿದರೆ ಡಿಸ್ಕ್ ಬಹಳ ಸಲ ಜೀವ ಹಿಡಿಯುತ್ತದೆ. ಹಾಗೆ ತೆರೆದ ಡಿಸ್ಕಿನ ಆಯುಷ್ಯವನ್ನು ನಂಬಬಾರದು. ಎಂಎಫ್‌ಎಂ ಎಂಬ ಹಳೆಯ ಪದ್ಧತಿಯಲ್ಲಿ ಬರೆದ ಇಂಥ ಡಿಸ್ಕ್‌ಗಳನ್ನು ಓದುವ, ಆಮೇಲೆ ಆ ಡಿಸ್ಕಿನ ಬದಲಾಗಿಯೂ ನಿಲ್ಲುವ ಎಮ್ಯುಲೇಟರ್ ಬೋರ್ಡ್‌ಗಳು ಈಗ ಸಿಗುತ್ತವೆ. ಅದನ್ನು ಕೈಯಲ್ಲಿಟ್ಟುಕೊಂಡೇ ಮುಚ್ಚಳ ತೆರೆಯಿರಿ. ಡಿಸ್ಕ್ ಎದ್ದ ಅದೇ ಸರದಿಯಲ್ಲಿ ಪೂರ್ತಿ ಪ್ರತಿ ತೆಗೆದುಕೊಳ್ಳಿ. ತಮ್ಮ ತಂದೆಯವರ ಲೆಕ್ಕಪತ್ರ ಉಳಿಯುವುದು ಆ ಒಂದು ಸರದಿಯ ಮೇಲೆ.

ಪ್ರಶ್ನೆ: ಬಿಡಿಭಾಗಗಳನ್ನು ಎಲ್ಲಿ ಹುಡುಕಬೇಕು? ಬೆಟಗೇರಿಯಲ್ಲಿ ಕೇಳಿದರೆ ಹುಬ್ಬಳ್ಳಿಗೆ ಹೋಗಿ ಎನ್ನುತ್ತಾರೆ, ಹುಬ್ಬಳ್ಳಿಯಲ್ಲಿ ಕೇಳಿದರೆ ಬೆಂಗಳೂರಿಗೆ ಹೋಗಿ ಎನ್ನುತ್ತಾರೆ.
– ಓದುಗರು, ಗದಗ-ಬೆಟಗೇರಿ

ಉತ್ತರ: ಯಂತ್ರದ ಹೆಸರು ಹೇಳಿ ಕೇಳಿದರೆ ಎಲ್ಲಿಯೂ ಸಿಗುವುದಿಲ್ಲ. ಭಾಗದ ಮೇಲಿನ ಸಂಖ್ಯೆ, ಅಳತೆ, ವೋಲ್ಟೇಜ್ ಹೇಳಿ ಕೇಳಿ. ಆಗ ಅರ್ಧಕ್ಕಿಂತ ಹೆಚ್ಚು ಸಾಮಾನು ಹುಬ್ಬಳ್ಳಿ-ಧಾರವಾಡದಲ್ಲೇ ಸಿಗುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. 105 ಡಿಗ್ರಿ ದರ್ಜೆಯ, ಆಂತರಿಕ ರೋಧ ಕಡಿಮೆ ಇರುವ ಕೆಪಾಸಿಟರ್‌ಗಳು ಯುಪಿಎಸ್ ಮತ್ತು ವೆಲ್ಡಿಂಗ್ ಇನ್ವರ್ಟರ್ ರಿಪೇರಿಯವರ ಬಳಿ ಇರುತ್ತವೆ. ಸುಟ್ಟ ಟ್ರಾನ್ಸ್‌ಫಾರ್ಮರ್ ಅಥವಾ ಫ್ಯಾನ್ ಮೋಟಾರನ್ನು ವೈಂಡಿಂಗ್ ಅಂಗಡಿಯವರು ಹಳೆಯದರ ಸುತ್ತು ಎಣಿಸಿ, ತಂತಿಯ ದಪ್ಪ ಅಳೆದು ಮತ್ತೆ ಸುತ್ತಿಕೊಡುತ್ತಾರೆ. ಪಂಪ್‌ಸೆಟ್ ಮೋಟಾರುಗಳಿಂದಾಗಿ ನಮ್ಮ ಭಾಗದಲ್ಲಿ ಈ ವಿದ್ಯೆ ಇಂದಿಗೂ ಗಟ್ಟಿಯಾಗಿ ಉಳಿದಿದೆ. ಟೇಪ್ ಮತ್ತು ಫ್ಲಾಪಿ ಡ್ರೈವಿನ ರಬ್ಬರ್ ಬೆಲ್ಟ್‌ಗಳಿಗೆ ಟೇಪ್ ರೆಕಾರ್ಡರ್ ದುರಸ್ತಿ ಮಾಡುತ್ತಿದ್ದ ಹಳಬರ ಡಬ್ಬಿಗಳನ್ನು ತಡಕಾಡಬೇಕು.

ಚಿಪ್‌ಗಳ ವಿಷಯದಲ್ಲಿ, 74 ಸರಣಿಯ ಸಾಮಾನ್ಯ ಲಾಜಿಕ್ ಚಿಪ್‌ಗಳು ಇಂದಿಗೂ ತಯಾರಾಗುತ್ತಿದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ದೊರೆಯುತ್ತವೆ. ಸಂಖ್ಯೆಯ ನಡುವಿನ ಅಕ್ಷರಗಳನ್ನು ಮಾತ್ರ ಕಡೆಗಣಿಸಬೇಡಿ: ಎಸ್ ಇರುವಲ್ಲಿ ಎಲ್‌ಎಸ್ ಹಾಕಿದರೆ ವೇಗ ಸಾಲದೆ ಯಂತ್ರ ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ, ಮತ್ತು ಅಂಥ ದೋಷ ಹಿಡಿಯುವುದು ಸುಟ್ಟ ಚಿಪ್ ಹುಡುಕುವುದಕ್ಕಿಂತ ಕಷ್ಟ. ನಿಜಕ್ಕೂ ಕಾಡುವವು ಡಿಜಿಟಲ್ ಕಂಪನಿಯ ಯುನಿಬಸ್ ಎಂಬ ಜೋಡಣೆಯ ಯಂತ್ರಗಳಲ್ಲಿರುವ ಡಿಎಸ್8641ನಂಥ ಬಸ್ ಚಿಪ್‌ಗಳು. ಇವುಗಳ ತಯಾರಿಕೆ ನಿಂತಿದೆ. ವಿದೇಶಿ ಮಾರಾಟಗಾರರಿಂದ ತರಿಸುವಾಗ ಬೇರೆ ಚಿಪ್ಪಿನ ಮೇಲ್ಮೈ ಉಜ್ಜಿ ಹೊಸ ಸಂಖ್ಯೆ ಅಚ್ಚು ಹಾಕಿದ ಮಾಲು ಬರುವುದು ಮಾಮೂಲು. ಹತ್ತಿಗೆ ಅಸಿಟೋನ್ ಹಚ್ಚಿ ಮೇಲ್ಮೈ ಉಜ್ಜಿದಾಗ ಕಪ್ಪು ಬಣ್ಣ ಬಿಟ್ಟುಬಂದರೆ, ಒಂದೇ ಕೊಳವೆಯಲ್ಲಿ ತುಂಬಿ ಬಂದ ಚಿಪ್‌ಗಳ ಕೆಳಗಿನ ಗುರುತು ಬೇರೆಬೇರೆಯಾಗಿದ್ದರೆ, ಅಥವಾ ತಯಾರಿಕೆ ನಿಂತ ಎಷ್ಟೋ ವರ್ಷಗಳ ನಂತರದ ದಿನಾಂಕ ಅಚ್ಚಾಗಿದ್ದರೆ ಅದು ನಕಲಿ. ಇನ್ನು, ಬಳಸಿದ ಕಂಪ್ಯೂಟರನ್ನೇ ಇಡಿಯಾಗಿ ವಿದೇಶದಿಂದ ತರಿಸಲು ಆಮದಿನ ನಿರ್ಬಂಧಗಳಿವೆ. ಆ ಆಸೆ ಬಿಡುವುದು ಲೇಸು.

ಇಪ್ರಾಮ್‌ಗಳನ್ನು ಯಂತ್ರ ಸಿಕ್ಕ ದಿನವೇ ಓದಿ ಪ್ರತಿ ಇಟ್ಟುಕೊಳ್ಳಿ, ಬೆಳಕಿಗೆ ಪ್ರೋಗ್ರಾಮ್ ಅಳಿಯದಂತೆ ಚಿಪ್ಪಿನ ಗಾಜಿನ ಕಿಟಕಿಯ ಮೇಲೆ ಅಪಾರದರ್ಶಕ ಚೀಟಿ ಅಂಟಿಸಿ. ಹಳೆಯ 2716 ಚಿಪ್ಪಿಗೆ ಬರೆಯಲು 25 ವೋಲ್ಟ್ ಬೇಕು, ಈಗಿನ ಅಗ್ಗದ ಪ್ರೋಗ್ರಾಮರ್‌ಗಳು ಹಲವು ಅಷ್ಟು ಕೊಡುವುದಿಲ್ಲ. ಆ ಜಾಗದಲ್ಲಿ 28ಸಿ16 ಎಂಬ ವಿದ್ಯುತ್ತಿನಿಂದಲೇ ಅಳಿಸಬಹುದಾದ ಚಿಪ್ಪನ್ನು ಹಾಕಬಹುದು. ಓದುವ ಮಟ್ಟಿಗೆ ಕಾಲುಗಳು ಹೊಂದುತ್ತವೆ, ಮತ್ತು ಇದಕ್ಕೆ 5 ವೋಲ್ಟ್ ಸಾಕು.

ಗುಜರಿಯವರ ಬಗ್ಗೆ ಒಂದು ಮಾತು. ಹಳೆಯ ಬೋರ್ಡ್‌ಗಳನ್ನು ಅವರು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ, ಚಿನ್ನದ ಕಾಲಿನ ಸೆರಾಮಿಕ್ ಚಿಪ್‌ಗಳು ಮೊದಲು ಒಡೆಯಲ್ಪಡುತ್ತವೆ. ಬೋರ್ಡಿನ ಫೋಟೋ ಕೊಟ್ಟು, ಇಂಥದ್ದು ಬಂದರೆ ಚಿನ್ನದ ಬೆಲೆಗಿಂತ ಹೆಚ್ಚು ಕೊಡುತ್ತೇನೆ ಎಂದು ಮುಂಚೆಯೇ ಹೇಳಿಟ್ಟರೆ ಅವರೇ ಕರೆ ಮಾಡುತ್ತಾರೆ. ಕೊಟ್ಟ ಮಾತಿಗೆ ತಪ್ಪಬೇಡಿ, ಒಮ್ಮೆ ತಪ್ಪಿದರೆ ಎರಡನೆಯ ಕರೆ ಬರುವುದಿಲ್ಲ.

ಪ್ರಶ್ನೆ: ನಮ್ಮ ಬಳಿ ಸನ್ ಕಂಪನಿಯ ಸ್ಪಾರ್ಕ್‌ಸ್ಟೇಷನ್-2 ಇದೆ. ಪರದೆಯಲ್ಲಿ ಐಡಿಪ್ರಾಮ್ ಮಾಹಿತಿ ಅಸಿಂಧು ಎಂಬ ಅರ್ಥದ ಸಂದೇಶ ಬರುತ್ತದೆ, ನೆಟ್‌ವರ್ಕ್ ವಿಳಾಸ ಎಲ್ಲವೂ ಎಫ್ ಎಂದು ತೋರಿಸುತ್ತದೆ. ಬೋರ್ಡ್ ಹೋಗಿದೆಯೇ?
– ಓದುಗರು, ಧಾರವಾಡ

ಉತ್ತರ: ಬೋರ್ಡ್ ಚೆನ್ನಾಗಿಯೇ ಇದೆ. ಹೋಗಿರುವುದು ಎಂ48ಟಿ02 ಎಂಬ ಚಿಪ್ಪಿನೊಳಗಿನ ಬ್ಯಾಟರಿ. ಗಡಿಯಾರ ಮತ್ತು ಯಂತ್ರದ ಗುರುತಿನ ಮಾಹಿತಿ (ಇದೇ ಐಡಿಪ್ರಾಮ್) ಎರಡನ್ನೂ ಹಿಡಿದಿಡುವ ಈ 24 ಕಾಲಿನ ಚಿಪ್ಪಿನ ಮೇಲ್ಭಾಗದಲ್ಲಿ ಲಿಥಿಯಂ ಬ್ಯಾಟರಿಯನ್ನು ರಾಳದಲ್ಲಿ ಹುದುಗಿಸಿರುತ್ತಾರೆ. ಅದರ ಆಯುಷ್ಯ ಸುಮಾರು 10 ವರ್ಷ.

ಹೊಸ ಚಿಪ್ ಎಂದು ಮಾರುವವುಗಳಲ್ಲಿ ಬಹಳಷ್ಟು ಹಳೆಯ ಬೋರ್ಡಿನಿಂದ ಕಿತ್ತವು, ಅವುಗಳ ಬ್ಯಾಟರಿಯೂ ಅಷ್ಟೇ ಹಳೆಯದು. ಆದ್ದರಿಂದ ಇದ್ದ ಚಿಪ್ಪನ್ನೇ ರಿಪೇರಿ ಮಾಡುವ ದಾರಿ ಮೇಲು. ಚಿಪ್ ಸಾಕೆಟ್ಟಿನಲ್ಲಿರುತ್ತದೆ; ಎರಡೂ ತುದಿಯಿಂದ ಸಮವಾಗಿ ಎತ್ತಿ ತೆಗೆಯಿರಿ. ಮೇಲಿನ ಚೀಟಿಯ ಫೋಟೋ ತೆಗೆದುಕೊಂಡು, ಸಣ್ಣ ಅರದಿಂದ ಬ್ಯಾಟರಿ ಇರುವ ತುದಿಯ ಪಕ್ಕವನ್ನು ನಿಧಾನವಾಗಿ ತೇಯುತ್ತ ಹೋಗಿ. ಕಪ್ಪು ರಾಳದ ನಡುವೆ ಹೊಳೆಯುವ ಲೋಹದ ಎರಡು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಅವು ಬ್ಯಾಟರಿಯ ಧನ ಮತ್ತು ಋಣ ತಂತಿಗಳು. ಬ್ಯಾಟರಿಯ ಕಡೆಯ ಸಂಪರ್ಕವನ್ನು ಪೂರ್ತಿ ಕಡಿದು, ಚಿಪ್ಪಿನ ಕಡೆಯ ತುದಿಗಳಿಗೆ ತೆಳು ತಂತಿ ಬೆಸೆದು, ಸಿಆರ್2032 ಗುಂಡಿ ಬ್ಯಾಟರಿಯ ಹೋಲ್ಡರ್ ಜೋಡಿಸಿ. ಹಳೆಯ ಬ್ಯಾಟರಿಯ ಸಂಪರ್ಕ ಉಳಿದರೆ ಅದು ಹೊಸದನ್ನು ಕೆಲವೇ ದಿನಗಳಲ್ಲಿ ಬರಿದು ಮಾಡುತ್ತದೆ. ತೇಯುವಾಗ ಏಳುವ ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಕಟ್ಟಿಕೊಳ್ಳಿ.

ಇಷ್ಟಾದ ಮೇಲೆ ಗುರುತಿನ ಮಾಹಿತಿಯನ್ನು ಮತ್ತೆ ತುಂಬಬೇಕು. ಅದು 16 ಬೈಟುಗಳ ಒಂದು ಸಾಲು. ಮೊದಲನೆಯದು ಯಾವಾಗಲೂ 01, ಎರಡನೆಯದು ಯಂತ್ರದ ಮಾದರಿ, ಮುಂದಿನ ಆರು ಈಥರ್‌ನೆಟ್ ವಿಳಾಸ, ನಾಲ್ಕು ತಯಾರಿಕೆಯ ದಿನಾಂಕ, ಮೂರು ಹೋಸ್ಟ್ ಗುರುತು. ಕೊನೆಯ ಬೈಟ್ ಹಿಂದಿನ ಹದಿನೈದನ್ನೂ ಎಕ್ಸ್-ಆರ್ (ಬಿಟ್‌ಗಳು ಬೇರೆಯಾದಲ್ಲಿ 1, ಒಂದೇ ಆದಲ್ಲಿ 0 ಬರೆಯುವ ಲೆಕ್ಕ) ಮಾಡಿದ ಮೊತ್ತ. ಸನ್ ಯಂತ್ರಗಳ ಈಥರ್‌ನೆಟ್ ವಿಳಾಸ 08:00:20ರಿಂದ ಆರಂಭವಾಗುತ್ತದೆ, ಉಳಿದ ಮೂರು ಅಂಕಿಜೋಡಿಗಳಿಗೆ ಚೀಟಿಯ ಮೇಲಿನ ಸಂಖ್ಯೆಯೇ ಆಧಾರ. ಓಕೆ ಎಂಬ ಸೂಚನೆ ಬಂದಾಗ ಎಂಕೆಪಿ ಆದೇಶದಿಂದ ಒಂದೊಂದೇ ಬೈಟ್ ಬರೆಯಬಹುದು. ಮೊತ್ತ ತಪ್ಪಿದರೆ ಅದೇ ಸಂದೇಶ ಮತ್ತೆ ಬರುತ್ತದೆ, ಗಾಬರಿಯಾಗಬೇಕಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಇಂಥ ಯಂತ್ರಗಳನ್ನು ಹೇಗೆ ಕಾಪಾಡಬೇಕು? ನಮ್ಮದು ಎರೆ ಭೂಮಿಯ ಊರು, ಧೂಳೂ ಹೆಚ್ಚು, ಕರೆಂಟಿನ ಏರಿಳಿತವೂ ಹೆಚ್ಚು.
– ಓದುಗರು, ಹಾವೇರಿ

ಉತ್ತರ: ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಡುವುದು ಎಲ್ಲರೂ ಮಾಡುವ ತಪ್ಪು, ಒಳಗೆ ಸಿಕ್ಕ ತೇವ ಅಲ್ಲಿಯೇ ಉಳಿದು ಲೋಹವನ್ನು ತಿನ್ನುತ್ತದೆ. ದಪ್ಪ ಹತ್ತಿ ಬಟ್ಟೆಯ ಹೊದಿಕೆ ಹಾಕಿ, ನೆಲದಿಂದ ಎತ್ತರಿಸಿ, ಗೋಡೆಯಿಂದ ದೂರವಿಡಿ. ಬಿಡಿ ಬೋರ್ಡ್‌ಗಳಿಗೆ ಮಾತ್ರ ಸ್ಥಿರವಿದ್ಯುತ್ ತಡೆಯುವ ಚೀಲ ಮತ್ತು ಸಿಲಿಕಾ ಜೆಲ್ ಇರಲಿ. ಇಲಿಗಳು ಒಳಸೇರದಂತೆ ಖಾಲಿ ಸ್ಲಾಟಿನ ಕಿಂಡಿಗಳನ್ನು ತಂತಿಬಲೆಯಿಂದ ಮುಚ್ಚಿ. ಇಲಿಮೂತ್ರ ಬಿದ್ದ ಬೋರ್ಡ್ ಸೋರಿದ ಬ್ಯಾಟರಿಗಿಂತ ವೇಗವಾಗಿ ಹಾಳಾಗುತ್ತದೆ. ಧೂಳನ್ನು ಬ್ಲೋವರ್‌ನಿಂದ ಊದುವಾಗ ಫ್ಯಾನಿನ ಎಲೆಗಳನ್ನು ಕೈಯಲ್ಲಿ ಹಿಡಿದುಕೊಳ್ಳಬೇಕು.

ಎರೆ ಭೂಮಿಯೆಂದು ತಾವು ಬರೆದಿರುವುದು ಬಹಳ ಮುಖ್ಯವಾದ ವಿಷಯ. ಬೇಸಿಗೆಯಲ್ಲಿ ಎರೆ ಮಣ್ಣು ಒಣಗಿ ಬಿರಿಯುವಾಗ ಅರ್ಥಿಂಗ್ ಸರಳಿಗೂ ಮಣ್ಣಿಗೂ ನಡುವಿನ ಸಂಪರ್ಕ ಸಡಿಲವಾಗುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಏಪ್ರಿಲ್, ಮೇ ತಿಂಗಳಲ್ಲಿ, ಸರಿಯಾಗಿ ಗುಡುಗು-ಮಿಂಚಿನ ಹೊತ್ತಿಗೇ ಕೆಲಸಕ್ಕೆ ಬಾರದಂತಾಗುತ್ತದೆ. ಅರ್ಥ್ ಗುಂಡಿಗೆ ಬೇಸಿಗೆಯುದ್ದಕ್ಕೂ ನೀರು ಹಾಕಿಸಿ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟು ವೋಲ್ಟ್ ಇದೆ ಎಂದು ಆಗಾಗ ಅಳೆಯಿರಿ. 2-3 ವೋಲ್ಟಿಗಿಂತ ಹೆಚ್ಚಾದರೆ ಮೊದಲು ಅದನ್ನು ಸರಿಪಡಿಸಿ. ಮನೆಯ ಚೌಕ ಅಲೆಯ ಇನ್ವರ್ಟರ್‌ಗೆ ಈ ಯಂತ್ರಗಳನ್ನು ಜೋಡಿಸಬೇಡಿ, ಆನ್‌ಲೈನ್ ಮಾದರಿಯ ಸೈನ್ ಅಲೆಯ ಯುಪಿಎಸ್ ಬೇಕು. ಮೋಡ ಕಟ್ಟಿದಾಗ ಪವರ್ ಕೇಬಲ್ ಜೊತೆಗೆ ಉದ್ದದ ಸೀರಿಯಲ್ ಕೇಬಲ್‌ಗಳನ್ನೂ ಕಿತ್ತಿಡಿ.

ಪ್ರಶ್ನೆ: ಅಮೆರಿಕದಿಂದ ಬಂದ 115 ವೋಲ್ಟಿನ 8 ಇಂಚಿನ ಫ್ಲಾಪಿ ಡ್ರೈವಿಗೆ ಟ್ರಾನ್ಸ್‌ಫಾರ್ಮರ್ ಹಾಕಿದರೂ ಅದು ಒಂದೂ ಫ್ಲಾಪಿಯನ್ನು ಓದುತ್ತಿಲ್ಲ. ಕಾರಣವೇನು?
– ಓದುಗರು, ರಾಣೆಬೆನ್ನೂರು

ಉತ್ತರ: ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುತ್ತದೆ, ಆವರ್ತನವನ್ನಲ್ಲ. ಈ ಡ್ರೈವ್‌ಗಳ ಮೋಟಾರು ಎಸಿ ಆಗಿದ್ದು, ಅಮೆರಿಕದ 60 ಹರ್ಟ್ಸ್‌ನಲ್ಲಿ ಫ್ಲಾಪಿಯನ್ನು ನಿಮಿಷಕ್ಕೆ 360 ಸುತ್ತು ತಿರುಗಿಸುವಂತೆ ಅದರ ಗಾಲಿಯ ಅಳತೆ ಇರುತ್ತದೆ. ನಮ್ಮ 50 ಹರ್ಟ್ಸ್‌ನಲ್ಲಿ ಅದು 300 ಸುತ್ತಿಗೆ ಇಳಿಯುತ್ತದೆ. ಮೋಟಾರಿನ ಮೇಲಿನ ಗಾಲಿಯ ವ್ಯಾಸವನ್ನು ಆರಕ್ಕೆ ಐದರ ಅನುಪಾತದಲ್ಲಿ ಹೆಚ್ಚಿಸಿ ಹೊಸದೊಂದನ್ನು ಲೇತಿನಲ್ಲಿ ಮಾಡಿಸಿ, ಬೆಲ್ಟಿನ ಉದ್ದವನ್ನೂ ಅದಕ್ಕೆ ಹೊಂದಿಸಿ. ಅಳತೆ ಸರಿಯಾಗಿ ಕೊಟ್ಟರೆ ಯಾವ ಲೇತ್ ಅಂಗಡಿಯಲ್ಲಾದರೂ ಆಗುವ ಕೆಲಸವಿದು.

ಪ್ರಶ್ನೆ: ನಮ್ಮ ಸಹಕಾರ ಸಂಘದ ಹಳೆಯ ಸರ್ವರ್‌ನಲ್ಲಿ ಯುನಿಕ್ಸ್ ಇತ್ತು. ಸದಸ್ಯರ ಹಳೆಯ ಖಾತೆಗಳೆಲ್ಲ ಅದರ ಡಿಸ್ಕ್ ಮತ್ತು ಕಾರ್ಟ್ರಿಡ್ಜ್ ಟೇಪ್‌ಗಳಲ್ಲಿವೆ. ಹೊರತೆಗೆಯಲು ಸಾಧ್ಯವೇ? ಕೆಲವು ಕಡತಗಳಲ್ಲಿ ಕನ್ನಡ ಅಕ್ಷರಗಳ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ.
– ಓದುಗರು, ಗದಗ ತಾಲ್ಲೂಕು

ಉತ್ತರ: ಸಾಧ್ಯವಿದೆ, ಮತ್ತು ಖಂಡಿತ ಮಾಡಬೇಕಾದ ಕೆಲಸ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ತಮ್ಮದೇ ತಾಲ್ಲೂಕಿನ ಕಣಗಿನಹಾಳದಲ್ಲಿ ಹುಟ್ಟಿತು. ಇಂಥ ನೆಲದ ಸಂಘವೊಂದರ ಲೆಕ್ಕ ಟೇಪಿನಲ್ಲೇ ಕೊಳೆಯಬಾರದು.

ಡಿಸ್ಕಿನಿಂದ ಆರಂಭಿಸಿ. ಅದು ಸ್ಕಸಿ (ಹಳೆಯ ಸರ್ವರ್‌ಗಳಲ್ಲಿ ಡಿಸ್ಕ್ ಜೋಡಿಸುತ್ತಿದ್ದ ಒಂದು ಬಗೆ) ಡಿಸ್ಕ್ ಆಗಿದ್ದರೆ ಲಿನಕ್ಸ್ ಇರುವ ಹಳೆಯ ಪಿಸಿಗೆ ಸ್ಕಸಿ ಕಾರ್ಡ್ ಹಾಕಿ, ಡಿಡಿ-ರೆಸ್ಕ್ಯೂ ತಂತ್ರಾಂಶದಿಂದ ಇಡೀ ಡಿಸ್ಕಿನ ಬಿಂಬ, ಅಂದರೆ ಬೈಟಿಗೆ ಬೈಟ್ ಪ್ರತಿ, ತೆಗೆಯಿರಿ. ಕಡತಗಳನ್ನು ಮಾತ್ರ ನಕಲು ಮಾಡಲು ಹೋಗಬೇಡಿ. ಬಿಂಬ ಕೈಗೆ ಬಂದರೆ ಅದನ್ನು ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶದಲ್ಲಿ ಏಳಿಸಿ ಹಳೆಯ ಲೆಕ್ಕದ ಪ್ರೋಗ್ರಾಮನ್ನೇ ನಡೆಸಬಹುದು, ಮತ್ತು ಯಂತ್ರಕ್ಕೆ ಎಸ್‌ಡಿ ಕಾರ್ಡಿನಿಂದ ನಡೆಯುವ ಬ್ಲೂಸ್ಕಸಿಯಂಥ ಬದಲಿ ಡಿಸ್ಕ್ ಹಾಕಬಹುದು. ಟೇಪ್‌ಗಳನ್ನು ಡ್ರೈವಿಗೆ ಹಾಗೆಯೇ ತುರುಕಬೇಡಿ. ಡ್ರೈವಿನ ರಬ್ಬರ್ ಉರುಳೆ ಅಂಟಾಗಿದ್ದರೆ ಟೇಪಿಗೆ ಮೆತ್ತಿಕೊಳ್ಳುತ್ತದೆ; ಕಾರ್ಟ್ರಿಡ್ಜಿನ ಒಳಗಿನ ಎಳೆಪಟ್ಟಿ ಸಡಿಲವಾಗಿದ್ದರೆ ಟೇಪ್ ಸುಕ್ಕಾಗುತ್ತದೆ, ಗಟ್ಟಿಯಾಗಿದ್ದರೆ ತುಂಡಾಗುತ್ತದೆ. ಉರುಳೆಗೆ ಹೊಸ ರಬ್ಬರ್ ಹಾಕಿಸಿ, ಎಳೆಪಟ್ಟಿಯನ್ನು ಬೇರೆ ಒಳ್ಳೆಯ ಕಾರ್ಟ್ರಿಡ್ಜಿನಿಂದ ತೆಗೆದು ಬದಲಿಸಿ, ಮಹತ್ವವಿಲ್ಲದ ಟೇಪಿನಲ್ಲಿ ಪರೀಕ್ಷಿಸಿದ ನಂತರವೇ ಖಾತೆಗಳ ಟೇಪ್ ಹಾಕಿ.

ಅಕ್ಷರಗಳ ವಿಷಯಕ್ಕೆ ಬಂದರೆ, ಆ ಕಾಲದಲ್ಲಿ ಕನ್ನಡವನ್ನು ಸಿ-ಡ್ಯಾಕ್ ಸಂಸ್ಥೆಯ, ಭಾರತೀಯ ಲಿಪಿಗಳನ್ನು ತೋರಿಸುವ ಜಿಸ್ಟ್ ಕಾರ್ಡ್ ಅಥವಾ ಜಿಸ್ಟ್ ಟರ್ಮಿನಲ್ ಮೂಲಕ ಬರೆದಿದ್ದರೆ ಅದು ಇಸ್ಕಿ ಸಂಕೇತದಲ್ಲಿರುತ್ತದೆ. 1991ರಲ್ಲಿ ರಾಷ್ಟ್ರೀಯ ಮಾನಕವಾದ ಈ ಪದ್ಧತಿಯಲ್ಲಿ ಬ್ರಾಹ್ಮಿ ಮೂಲದ ಭಾರತೀಯ ಲಿಪಿಗಳ 'ಕ'ಕಾರಕ್ಕೆಲ್ಲ ಒಂದೇ ಸಂಖ್ಯೆ. ಯಾವ ಲಿಪಿಯಲ್ಲಿ ತೋರಿಸಬೇಕು ಎಂಬುದನ್ನು ಕಾರ್ಡ್ ನಿರ್ಧರಿಸುತ್ತಿತ್ತು. ಆದ್ದರಿಂದ ಕಡತ ಕೆಟ್ಟಿಲ್ಲ, ಸಣ್ಣದೊಂದು ಪ್ರೋಗ್ರಾಮಿನಿಂದ ಯುನಿಕೋಡಿಗೆ ತರಬಹುದು. ಸದಸ್ಯರ ಖಾತೆಯ ವಿವರಗಳಿರುವುದರಿಂದ ಈ ಕೆಲಸ ಸಂಘದ ಕಚೇರಿಯಲ್ಲೇ ನಡೆಯಲಿ, ಪ್ರತಿಗಳು ಹೊರಗೆ ಹೋಗದಿರಲಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿನಿ. ಯಂತ್ರ ಕೊಳ್ಳುವ ಶಕ್ತಿಯಿಲ್ಲ. ಪಿಡಿಪಿ-11 ಕಲಿಯುವುದು ಹೇಗೆ?
– ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಸಿಮ್‌ಹೆಚ್ ಎಂಬ ಉಚಿತ ಸಿಮ್ಯುಲೇಟರ್ ಸಾಕು. 1970ರಲ್ಲಿ ಬಂದ, ಡಿಜಿಟಲ್ ಕಂಪನಿಯ ಆ 16 ಬಿಟ್ ಮಿನಿ ಕಂಪ್ಯೂಟರನ್ನು ಸಾಧಾರಣ ಲ್ಯಾಪ್‌ಟಾಪಿನಲ್ಲೇ ಅದು ನಡೆಸುತ್ತದೆ. 1979ರ ಯುನಿಕ್ಸ್ ಏಳನೆಯ ಆವೃತ್ತಿಯನ್ನು 2002ರಲ್ಲಿ ಕಾಲ್ಡೆರಾ ಕಂಪನಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದ್ದರಿಂದ ಅದನ್ನು ಹಾಕಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಬೂಟ್ ಆದೇಶದಿಂದ ಹಿಡಿದು ಡಿಸ್ಕ್ ಜೋಡಣೆಯವರೆಗೆ ಎಲ್ಲವನ್ನೂ ಸ್ವತಃ ಮಾಡಿ ಕಲಿಯಿರಿ. ನಾಳೆ ನಿಜವಾದ ಯಂತ್ರದ ಮುಂದೆ ಕುಳಿತಾಗ ದೋಷ ತಂತಿಯಲ್ಲಿದೆಯೋ ಆದೇಶದಲ್ಲಿದೆಯೋ ಎಂದು ತಕ್ಷಣ ತಿಳಿಯುತ್ತದೆ.

ಪ್ರಶ್ನೆ: ನಾನು ಮಿನಿ ಕಂಪ್ಯೂಟರ್‌ಗಳ ನಿರ್ವಹಣೆ ಮಾಡುತ್ತಿದ್ದೆ, ಈಗ ನಿವೃತ್ತ. ನಮ್ಮ ದೇಶದ ಕಂಪನಿಯೊಂದು ತಯಾರಿಸಿದ ಯಂತ್ರದ ಕೈಪಿಡಿ, ಸರ್ಕ್ಯೂಟ್ ನಕ್ಷೆ, ದುರಸ್ತಿಯ ದಾಖಲೆ ಪುಸ್ತಕಗಳು ಮನೆಯಲ್ಲಿವೆ. ಯಂತ್ರವೇ ಇಲ್ಲದ ಮೇಲೆ ಇವುಗಳಿಂದ ಏನು ಉಪಯೋಗ? ರದ್ದಿಗೆ ಹಾಕಲೇ?
– ಓದುಗರು, ಧಾರವಾಡ

ಉತ್ತರ: ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ತಮ್ಮದೇ ಅತ್ಯಂತ ಮುಖ್ಯವಾದದ್ದು ಎಂದು ನಾವು ಭಾವಿಸುತ್ತೇವೆ. ರದ್ದಿಗೆ ಹಾಕಬೇಡಿ. ವ್ಯಾಕ್ಸ್ ಮತ್ತು ಪಿಡಿಪಿ ಯಂತ್ರಗಳ ಸಾವಿರಾರು ಪುಟಗಳ ಕೈಪಿಡಿಗಳನ್ನು ಬಿಟ್‌ಸೇವರ್ಸ್ ಎಂಬ ಸಂಗ್ರಹದಲ್ಲಿ ಯಾರಾದರೂ ಓದಬಹುದು. ನಮ್ಮ ಯಂತ್ರಗಳಿಗೆ ಅಷ್ಟು ದೊಡ್ಡ ಆಸರೆ ಇಲ್ಲ. ಹೈದರಾಬಾದಿನ ಸರ್ಕಾರಿ ಕಂಪನಿ ಇಸಿಐಎಲ್ 1969ರಲ್ಲೇ ಟಿಡಿಸಿ-12 ಎಂಬ 12 ಬಿಟ್ ಯಂತ್ರವನ್ನು ಹೊರತಂದು, ಮುಂದೆ ಟಿಡಿಸಿ-312 ಮತ್ತು ಟಿಡಿಸಿ-316 ಮಾಡಿತು. 1978ರಲ್ಲಿ ಐಬಿಎಂ ಭಾರತ ಬಿಟ್ಟುಹೋದ ಮೇಲೆ ಎಚ್‌ಸಿಎಲ್, ವಿಪ್ರೊ, ಡಿಸಿಎಂ ಮುಂತಾದ ಕಂಪನಿಗಳು ಆ ಜಾಗ ತುಂಬಿದವು. 80ರ ದಶಕದಲ್ಲಿ ನಮ್ಮ ಬ್ಯಾಂಕು, ಕಾರ್ಖಾನೆ, ಕಾಲೇಜುಗಳಿಗೆ ಬಂದ ಯಂತ್ರಗಳಲ್ಲಿ ಇವರವು ಬಹಳಷ್ಟಿದ್ದವು. ಅಂಥ ಯಂತ್ರವೊಂದು ನಾಳೆ ಯಾವುದೋ ಗೋದಾಮಿನಲ್ಲಿ ಸಿಕ್ಕರೆ, ನಕ್ಷೆ ಇಲ್ಲದೆ ಅದನ್ನು ಏಳಿಸುವುದು ಬಹುತೇಕ ಅಸಾಧ್ಯ. ಬಿಡಿಭಾಗಕ್ಕೆ ಬದಲಿ ಹುಡುಕುವವರಿಗೂ ಆ ಭಾಗದ ಕೆಲಸವೇನು ಎಂದು ನಕ್ಷೆಯೇ ಹೇಳಬೇಕು.

ಮೊದಲು ಪಿನ್, ಸ್ಟೇಪಲ್ ತೆಗೆಯಿರಿ. ತುಕ್ಕು ಕಾಗದವನ್ನು ತಿನ್ನುತ್ತದೆ. ಲ್ಯಾಮಿನೇಷನ್ ಮಾಡಿಸಲೇಬೇಡಿ. ಪಠ್ಯದ ಪುಟಗಳನ್ನು 300 ಅಥವಾ 400 ಡಿಪಿಐಯಲ್ಲಿ, ಸರ್ಕ್ಯೂಟ್ ನಕ್ಷೆಗಳನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ. ದೊಡ್ಡ ನಕ್ಷೆಗಳನ್ನು ಮಡಿಕೆಯಿಂದ ಬಿಡಿಸಿ ಒಂದೆರಡು ದಿನ ಭಾರದಡಿ ಸಪಾಟಾಗಿಟ್ಟ ನಂತರ, ಕಟ್ಟಡದ ನಕ್ಷೆಗಳನ್ನು ಸ್ಕ್ಯಾನ್ ಮಾಡುವ ಅಂಗಡಿಗೆ ಕೊಡಬಹುದು. ಮಾಸಿದ ನೀಲಿ ನಕಲುಗಳನ್ನು ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಬೇಕು, ಕಪ್ಪು-ಬಿಳುಪಿನಲ್ಲಿ ಸಣ್ಣ ಅಂಕಿಗಳು ಅಳಿಸಿಹೋಗುತ್ತವೆ.

ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಆಗಬೇಕಾದದ್ದು ತಾವು ಕೊನೆಯಲ್ಲಿ ಹೆಸರಿಸಿದ ದುರಸ್ತಿಯ ದಾಖಲೆ ಪುಸ್ತಕಗಳು. ಯಾವ ಬೋರ್ಡ್ ಯಾವಾಗ ಕೆಟ್ಟಿತು, ಯಾವ ಚಿಪ್ಪಿನ ಬದಲು ಯಾವುದನ್ನು ಹಾಕಿದಿರಿ, ಕಂಪನಿಯ ಸೂಚನೆಯಂತೆ ಯಾವ ಗೆರೆ ಕಡಿದು ಯಾವ ತಂತಿ ಬೆಸೆದಿರಿ ಎಂಬುದು ಮುದ್ರಿತ ಕೈಪಿಡಿಯಲ್ಲಿ ಇರುವುದಿಲ್ಲ. ಕೈಬರಹದಲ್ಲಿ ಬಳಸಿದ ಸಂಕ್ಷೇಪಗಳ ಅರ್ಥವನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ, ಗ್ರಾಹಕರ ಹೆಸರು-ವಿಳಾಸ ಇರುವ ಕಡೆ ಸ್ಕ್ಯಾನ್ ಪ್ರತಿಯಲ್ಲಿ ಮಾತ್ರ ಮರೆಮಾಡಿ. ಮೂಲ ಪುಸ್ತಕಗಳನ್ನು ಸ್ವೀಕರಿಸಿ ಓದುಗರಿಗೆ ತೆರೆದಿಡಲು ಒಪ್ಪುವ ಇಂಜಿನಿಯರಿಂಗ್ ಕಾಲೇಜಿನ ಗ್ರಂಥಾಲಯವನ್ನು ಧಾರವಾಡ ಅಥವಾ ಹುಬ್ಬಳ್ಳಿಯಲ್ಲೇ ವಿಚಾರಿಸಿ, ಕೊಡುವಾಗ ಪಟ್ಟಿ ಮಾಡಿ ಸಹಿ ಪಡೆದುಕೊಳ್ಳಿ.